ಮೂಗರ್ಜಿಗೂ ಒಂದು ಕಿವಿ

ಇವತ್ತು ಬ್ರೇಕಿಂಗ್ ನ್ಯೂಸ್ ಏನೂ ಇಲ್ಲ. ಒಂದು ಪತ್ರದ ವಿಷಯ ಮಾತಾಡ್ತೀನಿ.

ಕಳೆದ ವಾರ ನನ್ನ ಹೆಸರಿಗೆ ಆಫೀಸಿಗೆ ಒಂದು ಅಂಚೆ ಬಂತು. ಈಗಿನ ಕಾಲದಲ್ಲಿ ನಮಗೆ ಬರೋ ದೂರುಗಳು ಬಹುಪಾಲು ವಾಟ್ಸಾಪ್‌ನಲ್ಲೇ ಬರೋದು. ಫೋಟೋ, ವಿಡಿಯೋ, ಅದರ ಕೆಳಗೆ ಹತ್ತು ಸಲ "ದಯವಿಟ್ಟು ಸುದ್ದಿ ಮಾಡಿ ಸಾರ್". ಹಾಗಿರುವಾಗ ಒಬ್ಬರು ಅಂಗಡಿಗೆ ಹೋಗಿ ಕವರ್ ತಂದು, ಸ್ಟಾಂಪ್ ಹಚ್ಚಿ, ಗೆರೆ ಎಳೆದ ಹಾಳೆಯಲ್ಲಿ ಬರೆದು ಕಳಿಸಿದ್ದಾರೆ ಅಂದರೆ ಅದಕ್ಕೊಂದು ಕಾರಣ ಇರಬೇಕು. ಕಾರಣ ಸರಳ. ವಾಟ್ಸಾಪ್‌ನಲ್ಲಿ ನಂಬರ್ ಕಾಣುತ್ತೆ. ಅಂಚೆಯಲ್ಲಿ ಕಾಣಲ್ಲ.

ಪತ್ರಕ್ಕೆ ಸಹಿ ಇಲ್ಲ. ಅಕ್ಷರ ಎಡಗೈಯಲ್ಲಿ ಬರೆದ ಹಾಗಿತ್ತು. ಬಲಗೈಯವರು ಬೇಕಂತಲೇ ಎಡಗೈಯಲ್ಲಿ ಬರೆದರೆ ಒತ್ತಕ್ಷರಗಳು ಒಂದೊಂದು ದಿಕ್ಕಿಗೆ ಹೋಗ್ತವಲ್ಲ, ಹಾಗೆ. ವಿಷಯ ಇಷ್ಟೇ. ಅವರು ಕೆಲಸ ಮಾಡುವ ಜಾಗದಲ್ಲಿ ನಲವತ್ತು ಚಿಲ್ಲರೆ ಜನ ಇದ್ದಾರೆ. ತಿಂಗಳಾ ತಿಂಗಳಾ ಸಂಬಳದಲ್ಲಿ ಪಿಎಫ್ ಅಂತ ಹಿಡಿಯುತ್ತಾರೆ. ಐದು ತಿಂಗಳಿಂದ ಪಾಸ್‌ಬುಕ್‌ನಲ್ಲಿ ಅದು ಕಾಣ್ತಾ ಇಲ್ಲ. ಬಹುಶಃ ಕಂಪ್ಯೂಟರ್ ತಪ್ಪು ಇರಬಹುದು, ಬಹುಶಃ ಅಲ್ಲ. ಕೇಳಬೇಕು ಅಂತ ಎಲ್ಲರಿಗೂ ಇದೆ. ಕೇಳುವವರು ಯಾರು? ಕೊನೆಯಲ್ಲಿ ಒಂದು ಸಾಲು: ನನ್ನ ಹೆಸರು ಬೇಡ, ಊರಿನ ಹೆಸರೂ ಹೇಳಬೇಡಿ.

ಆಯ್ತು, ಹೇಳಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕರಲ್ಲಿ ಒಂದು ಅಂತ ಇಟ್ಟುಕೊಳ್ಳಿ. ನಾಲ್ಕೂ ನನ್ನೂರುಗಳೇ. ಹುಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿನಲ್ಲಿ, ಅಜ್ಜಿ ಮನೆ ಹೊಸದುರ್ಗದ ಕಡೆ, ಓದಿದ್ದು ದುರ್ಗದಲ್ಲಿ, ಬೆಂಗಳೂರಿಗೆ ಹೋಗೋ ಬಸ್ಸು ಕಾಫಿಗೆ ನಿಲ್ಲುತ್ತಿದ್ದದ್ದು ಹಿರಿಯೂರಿನ ಹತ್ತಿರ. ಅದಕ್ಕೇ ನನಗೆ ಚೆನ್ನಾಗಿ ಗೊತ್ತು, ಈ ನಾಲ್ಕರಲ್ಲಿ ಯಾವುದೇ ಒಂದು ಊರಿನ ಹೆಸರು ಹೇಳಿದರೂ ಸಂಜೆ ಒಳಗೆ ಬರೆದವರು ಸಿಕ್ಕಿಬೀಳ್ತಾರೆ. ನಲವತ್ತು ಜನ ಕೆಲಸ ಮಾಡೋ ಜಾಗಗಳು ಆ ಊರುಗಳಲ್ಲಿ ಎಷ್ಟಿರಬಹುದು ಹೇಳಿ. ಟೀ ಅಂಗಡಿಯಲ್ಲಿ ಕೂತು ಬೆರಳಲ್ಲೇ ಎಣಿಸಿಬಿಡ್ತಾರೆ.

ಇಂಥ ಪತ್ರಕ್ಕೆ ಕನ್ನಡದಲ್ಲಿ ಒಂದು ಹೆಸರಿದೆ. ಮೂಗರ್ಜಿ. ಮಾತು ಬಾರದ ಅರ್ಜಿ, ಯಾರು ಕೊಟ್ಟದ್ದು ಅಂತ ಹೇಳದ ಅರ್ಜಿ. ಆ ಪದ ಕೇಳಿದ ಕೂಡಲೇ ನಮ್ಮ ಮುಖ ಒಂಥರಾ ಆಗುತ್ತೆ. "ಬಿಡ್ರೀ, ಮೂಗರ್ಜಿ ಅದು", ಅಷ್ಟು ಹೇಳಿದರೆ ಫೈಲು ಮುಚ್ಚಿತು. ಧೈರ್ಯ ಇದ್ದವನು ಎದುರು ಬಂದು ಹೇಳ್ತಾನೆ, ಹೇಡಿ ಮೂಗರ್ಜಿ ಬರೀತಾನೆ ಅನ್ನೋದು ನಮ್ಮ ಲೆಕ್ಕ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದವನು.

ಆದರೆ ಎದುರು ಬಂದು ಹೇಳೋದು ಅಂದರೆ ಏನು ಅಂತ ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಹೇಳೋದು ಸುಲಭ. ನಮ್ಮ ಕಡೆ ಕೆಲಸ ಹೇಗೆ ಸಿಗುತ್ತೆ ನೋಡಿ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಸಿಗಲ್ಲ. ಸೋದರಮಾವ ಹೋಗಿ ಯಜಮಾನರ ಹತ್ತಿರ, "ನಮ್ ಹುಡುಗ, ಸ್ವಲ್ಪ ನೋಡ್ಕಳಿ" ಅಂತ ಒಂದು ಮಾತು ಹೇಳಿರ್ತಾರೆ. ಆಮೇಲೆ ಆ ಹುಡುಗ ಸಂಬಳದ ಲೆಕ್ಕ ಕೇಳಿದರೆ ಅದು ಬರೀ ಲೆಕ್ಕ ಆಗಲ್ಲ. ಮಾವನ ಮರ್ಯಾದೆ ಪ್ರಶ್ನೆ ಆಗುತ್ತೆ. ತಂಗಿ ಮದುವೆಗೆ ಯಜಮಾನರೇ ಮುಂಗಡ ಕೊಟ್ಟಿರ್ತಾರೆ. ಅಡಿಕೆ ಮಂಡಿ ಇರಲಿ, ಬಟ್ಟೆ ಅಂಗಡಿ ಇರಲಿ, ನರ್ಸಿಂಗ್ ಹೋಮ್ ಇರಲಿ, ಖಾಸಗಿ ಸ್ಕೂಲಿರಲಿ, ಮಾಲೀಕ ಮತ್ತು ಕೆಲಸಗಾರ ಒಂದೇ ಜಾತ್ರೆಯಲ್ಲಿ ತೇರು ಎಳೆಯೋರು. ಅಂಥ ಕಡೆ "ಸಾರ್, ನನ್ನ ಪಿಎಫ್ ಏನಾಯ್ತು?" ಅನ್ನೋದಕ್ಕೆ ಎಷ್ಟು ಗುಂಡಿಗೆ ಬೇಕು! ಬಡವನ ಸಿಟ್ಟು ದವಡೆಗೆ ಮೂಲ ಅಂತ ಗಾದೆ ಮಾಡಿ ಇಟ್ಟಿರೋದು ಸುಮ್ಮನೆ ಅಲ್ಲ.

ಕೇಳದೇ ಇದ್ದರೆ ಏನಾಗುತ್ತೆ? ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ನಾವೇ ತೋರಿಸಿದ್ದು.

2020ರ ಡಿಸೆಂಬರ್ 12. ಶನಿವಾರ ಬೆಳಗ್ಗೆ. ಕೋಲಾರ ಜಿಲ್ಲೆಯ ನರಸಾಪುರ. ವಿಸ್ಟ್ರಾನ್ ಅನ್ನೋ ತೈವಾನ್ ಕಂಪನಿ ಅಲ್ಲಿ ಆಪಲ್‌ನವರ ಐಫೋನ್ ಜೋಡಿಸುತ್ತಿತ್ತು. ರಾತ್ರಿ ಪಾಳಿ ಮುಗಿಯೋ ಹೊತ್ತಿಗೆ ಸಾವಿರಾರು ಕಾರ್ಮಿಕರು ಸಿಟ್ಟಿಗೆದ್ದರು. ಗಾಜು ಒಡೆದರು, ಕಾರು ಉರುಳಿಸಿದರು, ಬೆಂಕಿ ಹಚ್ಚಿದರು. ಅವತ್ತು ನಮ್ಮ ಸ್ಕ್ರೀನ್ ಮೇಲೆ ಇದ್ದದ್ದು ಬರೀ ಒಡೆದ ಗಾಜು. ನಷ್ಟ 437 ಕೋಟಿ ಅಂತ ಮೊದಲು ದೂರಿನಲ್ಲಿ ಬಂತು. ನಾವು ದೊಡ್ಡ ಅಕ್ಷರದಲ್ಲಿ ಹಾಕಿದೆವು. ಆಮೇಲೆ ಕಂಪನಿಯೇ 26ರಿಂದ 52 ಕೋಟಿ ಇರಬಹುದು ಅಂತು. ಅದನ್ನ ಅಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದೆವಾ? ಇಲ್ಲ. ನೂರಕ್ಕೂ ಹೆಚ್ಚು ಹುಡುಗರು ಜೈಲು ಸೇರಿದರು.

ನಾನು ಇಂಜಿನಿಯರಿಂಗ್ ಓದಿದವನು. ಅದರಲ್ಲಿ ಒಂದು ಅಭ್ಯಾಸ ಕಲಿಸ್ತಾರೆ. ಮುರಿದ ಮೇಲೆ ಎಲ್ಲಿ ಮುರಿಯಿತು ಅಂತ ನೋಡಬೇಡ, ಬಿರುಕು ಎಲ್ಲಿ ಶುರುವಾಯ್ತು ಅಂತ ಹುಡುಕು. ನರಸಾಪುರದ ಬಿರುಕು ಡಿಸೆಂಬರಿನದ್ದಲ್ಲ. ಸ್ವಲ್ಪ ದಿನದಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಕ್ಟೋಬರಿನಲ್ಲಿ ಪಾಳಿಯ ಸಮಯ ಬದಲಾಯಿತು. ಹಾಜರಾತಿ ಹಾಕೋ ಸಾಫ್ಟ್‌ವೇರು ಸರಿ ಇರಲಿಲ್ಲ. ಬಂದವನಿಗೆ ಬಂದಿಲ್ಲ ಅಂತ ತೋರಿಸೋದು, ಓವರ್‌ಟೈಮ್ ಲೆಕ್ಕಕ್ಕೇ ಸಿಗದಿರೋದು. ಕಾರ್ಖಾನೆಗಳ ಇಲಾಖೆಯವರು ಆಮೇಲೆ ಹೋಗಿ ನೋಡಿ, ಹಾಜರಾತಿ ಮತ್ತು ಸಂಬಳದ ವ್ಯವಸ್ಥೆಯಲ್ಲೇ ಲೋಪ ಇದೆ ಅಂತ ವರದಿ ಕೊಟ್ಟರು. ಆಪಲ್ ಕೂಡ ಒಪ್ಪಿಕೊಂಡಿತು, ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಅಂತ. ಇಪ್ಪತ್ತೊಂದು ಸಾವಿರ ಅಂತ ಹೇಳಿ ಕರೆದುಕೊಂಡು ಬಂದು, ಹದಿನಾರು ಸಾವಿರ ಕೊಟ್ಟು, ಆಮೇಲೆ ಹನ್ನೆರಡಕ್ಕೆ ಇಳಿಸಿದರು ಅಂತ ಇಂಜಿನಿಯರಿಂಗ್ ಓದಿದ ಹುಡುಗರೇ ಹೇಳಿದ್ದು ಆಗ ವರದಿಯಾಗಿತ್ತು. ನನ್ನದೇ ಡಿಗ್ರಿ ಸ್ವಾಮಿ ಅದು!

ಈಗ ಲೆಕ್ಕ ಹಾಕಿ. ಅಕ್ಟೋಬರಿನಲ್ಲಿ ಒಬ್ಬ ಹುಡುಗ ಒಂದು ಚೀಟಿ ಬರೆದು, "ನನ್ನ ಹಾಜರಾತಿಯಲ್ಲಿ ನಾಲ್ಕು ದಿನ ಕಡಿಮೆ ತೋರಿಸ್ತಾ ಇದೆ, ಬೇರೆಯವರಿಗೂ ಹೀಗೇ ಇದೆಯಾ ನೋಡಿ" ಅಂತ ಎಲ್ಲಾದರೂ ಹಾಕೋ ಹಾಗಿದ್ದಿದ್ದರೆ? ಸಾಫ್ಟ್‌ವೇರ್ ಸರಿಮಾಡೋಕೆ ಒಂದು ವಾರ ಬೇಕಾಗುತ್ತಿತ್ತೇನೋ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡರು ಅಂತಾರಲ್ಲ, ಇಲ್ಲಿ ಎರಡೂ ಕಡೆಯವರು ಕೊಡಲಿ ತಗೊಂಡರು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳ್ತಾ ಇಲ್ಲ. ಕೇಳಿದರೂ ಉತ್ತರ ಬರದ ಕಡೆ ಎರಡು ತಿಂಗಳಲ್ಲಿ ಏನು ತುಂಬಿಕೊಳ್ಳುತ್ತೆ ಅಂತ ಹೇಳ್ತಾ ಇದ್ದೀನಿ.

ಗಲಾಟೆ ಎಲ್ಲ ಮುಗಿದ ಮೇಲೆ ಡಿಸೆಂಬರ್ 19ಕ್ಕೆ ಕಂಪನಿ ಏನು ಮಾಡಿತು ಗೊತ್ತಾ? ಕಾರ್ಮಿಕರ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡ್ತಿದ್ದ ಉಪಾಧ್ಯಕ್ಷರನ್ನ ತೆಗೆಯಿತು. ಇನ್ನೊಂದು ಮಾತು ಹೇಳಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್‌ನಲ್ಲಿ ದಿನದ 24 ಗಂಟೆ ದೂರು ಕೇಳುವ ಸಹಾಯವಾಣಿ ಮಾಡ್ತೀವಿ, ಹೆಸರು ಹೇಳದೇ ಯಾರು ಬೇಕಾದರೂ ಮಾತಾಡಬಹುದು ಅಂತ. ಹೆಸರು ಹೇಳದೇ! ಅಂದರೆ ಮೂಗರ್ಜಿ. ಕಾರ್ಖಾನೆಗೆ ಬೆಂಕಿ ಬಿದ್ದ ಮೇಲೆ ಅವರಿಗೆ ಬೇಕು ಅನ್ನಿಸಿದ್ದು ಒಂದು ಫೋನು. ಆ ಫೋನು ಅಕ್ಟೋಬರಿನಲ್ಲಿ ಇಟ್ಟಿದ್ದರೆ ಎಷ್ಟು ಖರ್ಚಾಗ್ತಿತ್ತು? ಆ ಕಾರ್ಖಾನೆ ಈಗ ಟಾಟಾದವರ ಕೈಗೆ ಹೋಗಿದೆ, ಅದು ಬೇರೆ ಕಥೆ.

ಇನ್ನು ನನ್ನ ಕಥೆ. ಇದನ್ನ ಟಿವಿಯಲ್ಲಿ ಯಾವತ್ತೂ ಹೇಳಿಲ್ಲ.

ಟಿವಿಗೆ ಬರೋ ಮುಂಚೆ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟ್ರೈನಿ ಇಂಜಿನಿಯರ್. ಹೆಸರು ಬೇಡ. ಅಲ್ಲಿ ತಗಡು ಒತ್ತುವ ಪ್ರೆಸ್ ಮಷೀನುಗಳು. ಅಂಥ ಮಷೀನಿಗೆ ಎರಡು ಬಟನ್ ಇರ್ತವೆ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗೆ ಬರಬೇಕು. ಯಾಕೆ? ಎರಡೂ ಕೈ ಬಟನ್ ಮೇಲೆ ಇದ್ದರೆ ಕೈ ಒಳಗೆ ಸಿಗಲ್ಲ. ಇಡೀ ಬುದ್ಧಿವಂತಿಕೆ ಅಷ್ಟೇ. ಆದರೆ ಒಂದು ಮಷೀನಿನಲ್ಲಿ ಎಡಗಡೆ ಬಟನ್ನನ್ನ ಒತ್ತಿದ ಹಾಗೇ ಇರಲಿ ಅಂತ ಟೇಪು ಸುತ್ತಿ ಕೂರಿಸಿದ್ದರು. ಆಗ ಒಂದು ಕೈಯಲ್ಲಿ ತಗಡು ಇಡಬಹುದು, ಇನ್ನೊಂದರಲ್ಲಿ ಒತ್ತಬಹುದು. ಗಂಟೆಗೆ ಜಾಸ್ತಿ ಪೀಸು ಬರುತ್ತೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವಾರ ಅದನ್ನ ನೋಡಿದೆ. ಮಷೀನ್ ಮೇಲಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರು. "ಯಾವೂರು ಸಾರ್ ನಿಮ್ದು?" ಅಂದರು. ಹೊಳಲ್ಕೆರೆ ಹತ್ತಿರ ಅಂದೆ. "ಅಯ್ಯೋ, ನಮ್ ಕಡೆಯೋರು! ನಂದು ಹೊಸದುರ್ಗದ ಪಕ್ಕ." ಅವತ್ತಿಂದ ಊಟಕ್ಕೆ ಅವರ ಡಬ್ಬಿಯ ರಾಗಿಮುದ್ದೆಯಲ್ಲಿ ನನಗೂ ಪಾಲು. ಟೇಪಿನ ವಿಷಯ ಹೇಳಬೇಕು ಅಂತ ಪ್ರತಿದಿನ ಅನ್ನಿಸೋದು. ಯಾರಿಗೆ ಹೇಳಲಿ? ಸೂಪರ್‌ವೈಸರ್‌ಗೆ ಗೊತ್ತೇ ಇದೆ. ಮ್ಯಾನೇಜರ್‌ಗೆ ಹೇಳಿದರೆ ಸೂಪರ್‌ವೈಸರ್ ನನ್ನ ಟ್ರೈನಿಂಗ್ ರಿಪೋರ್ಟ್ ಬರೀಬೇಕು. ಇವರಿಗೇ ಹೇಳಿದರೆ ಪೀಸ್ ಕಮ್ಮಿಯಾಗಿ ಇನ್ಸೆಂಟಿವ್ ಹೋಗುತ್ತೆ. ಹೊಸಬ ನಾನು, ಯಾಕೆ ಬೇಕು ಅಂತ ಸುಮ್ಮನಾದೆ. ಎರಡು ತಿಂಗಳು ಸುಮ್ಮನಿದ್ದೆ. ಒಂದು ಮಧ್ಯಾಹ್ನ ಅವರ ಎರಡು ಬೆರಳು ಹೋಯಿತು.

ಆ ಸಂಜೆ ಕ್ಯಾಂಟೀನಿನಲ್ಲಿ ಎಲ್ಲರೂ ಒಂದೇ ಮಾತು: "ನಂಗೆ ಗೊತ್ತಿತ್ತು ಕಣ್ರೀ, ಒಂದಿನ ಹೀಗಾಗುತ್ತೆ ಅಂತ." ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಹೆಸರಿಲ್ಲದ ಒಂದು ಚೀಟಿ ಹಾಕೋಕೆ ಜಾಗ ಇದ್ದಿದ್ದರೆ ನಾನು ಹಾಕ್ತಿದ್ದೆ. ಅಷ್ಟು ಮಟ್ಟಿನ ಧೈರ್ಯ ನನಗಿತ್ತು. ಅದಕ್ಕಿಂತ ಜಾಸ್ತಿ ಇರಲಿಲ್ಲ. ಟಿವಿಯಲ್ಲಿ ಕೂತು ಮಂತ್ರಿಗಳಿಗೆ ಏರುದನಿಯಲ್ಲಿ ಪ್ರಶ್ನೆ ಕೇಳೋ ಇದೇ ಮನುಷ್ಯನಿಗೆ ಒಂದು ಟೇಪಿನ ಬಗ್ಗೆ ಕೇಳೋಕೆ ಆಗಲಿಲ್ಲ. ಅದಕ್ಕೇ ಯಾರಾದರೂ ಮೂಗರ್ಜಿ ಬರೆಯೋರನ್ನ ಹೇಡಿ ಅಂದರೆ ನನಗೆ ಈಗ ಸಿಟ್ಟು ಬರುತ್ತೆ.

ವಿಮಾನದವರು ಈ ಸಮಸ್ಯೆಯನ್ನ ಹೇಗೆ ಬಿಡಿಸಿದರು ಅಂತ ಹೇಳಬೇಕು. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಇಳಿಯಬೇಕಾಗಿದ್ದ ವಿಮಾನ ಒಂದು ಬೆಟ್ಟಕ್ಕೆ ಬಡಿದು 92 ಜನ ಸತ್ತರು. ತನಿಖೆ ಮಾಡಿದಾಗ ಗೊತ್ತಾಯ್ತು, ಅದಕ್ಕೆ ಆರು ವಾರ ಮುಂಚೆ ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ, ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಮಾತ್ರ ಎಚ್ಚರಿಕೆ ಹೇಳಿತ್ತು. ಮಿಕ್ಕವರಿಗೆ ಗೊತ್ತೇ ಆಗಲಿಲ್ಲ.

1976ರಲ್ಲಿ ಅವರು ಒಂದು ವ್ಯವಸ್ಥೆ ಮಾಡಿದರು. ಪೈಲಟ್ ಇರಲಿ, ಕಂಟ್ರೋಲ್ ಟವರಿನವರಿರಲಿ, ಮೆಕ್ಯಾನಿಕ್ ಇರಲಿ, ತಾನು ಕಂಡ ಅಥವಾ ತಾನೇ ಮಾಡಿದ ಎಡವಟ್ಟನ್ನ ಬರೆದು ಕಳಿಸಬಹುದು. ಕಳಿಸಬೇಕಾದ್ದು ದಂಡ ಹಾಕೋ ವಿಮಾನಯಾನ ಇಲಾಖೆಗಲ್ಲ. ಶಿಕ್ಷೆ ಕೊಡೋ ಅಧಿಕಾರವೇ ಇಲ್ಲದ ನಾಸಾಗೆ. ಫಾರಂನ ಮೇಲ್ಭಾಗದ ಒಂದು ಪಟ್ಟಿಯಲ್ಲಿ ಮಾತ್ರ ಹೆಸರು, ವಿಳಾಸ. ನಾಸಾದವರು ಓದಿ, ಬೇಕಾದರೆ ಒಂದು ಫೋನ್ ಮಾಡಿ ವಿವರ ಕೇಳಿ, ಆ ಪಟ್ಟಿಯನ್ನ ಕತ್ತರಿಸಿ, ತಾರೀಖು ಹಾಕಿ, ಬರೆದವರಿಗೇ ವಾಪಸ್ ಕಳಿಸ್ತಾರೆ. ಅದೇ ಅವರಿಗೆ ರಸೀದಿ. ಉಳಿದದ್ದರಲ್ಲಿ ಹೆಸರಿಲ್ಲ, ವಿಷಯ ಮಾತ್ರ. ಹತ್ತು ಲಕ್ಷಕ್ಕೂ ಹೆಚ್ಚು ವರದಿಗಳು ಹೀಗೆ ಬಂದಿವೆ. ಅಪರಾಧ ಮಾಡಿದವರಿಗೆ ಇಲ್ಲಿ ರಕ್ಷಣೆ ಇಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಆ ಕತ್ತರಿ. ಹೆಸರು ಕತ್ತರಿಸೋದಕ್ಕೆ ಅಂತಲೇ ಸಂಬಳ ಕೊಟ್ಟು ಒಬ್ಬರನ್ನ ಕೂರಿಸಿದ್ದಾರೆ!

ನಮ್ಮಲ್ಲಿ ಕತ್ತರಿ ಇಲ್ಲದಿದ್ದರೆ ಏನಾಗುತ್ತೆ? ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗುವ ಹೆದ್ದಾರಿ ಚತುಷ್ಪಥ ಆಗಿದ್ದು ಸುವರ್ಣ ಚತುಷ್ಕೋನ ಯೋಜನೆಯಲ್ಲಿ, ನಿಮಗೆಲ್ಲ ನೆನಪಿರಬೇಕು. ಅದೇ ಯೋಜನೆಯ ಬಿಹಾರದ ಭಾಗದಲ್ಲಿ ಸತ್ಯೇಂದ್ರ ದುಬೆ ಅಂತ ಒಬ್ಬ ಇಂಜಿನಿಯರ್ ಇದ್ದರು. ಕಾನ್ಪುರ ಐಐಟಿಯಲ್ಲಿ ಓದಿದವರು. ಕೆಲಸದಲ್ಲಿ ಅಕ್ರಮ ನಡೀತಿದೆ ಅಂತ 2002ರಲ್ಲಿ ಪ್ರಧಾನಿಯವರಿಗೆ ಪತ್ರ ಬರೆದರು, ನನ್ನ ಹೆಸರು ಗುಟ್ಟಾಗಿರಲಿ ಅಂತ ಕೇಳಿಕೊಂಡರು. ಪತ್ರ ಹೆಸರಿನ ಸಮೇತ ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ವಯಸ್ಸು 30. ಅದು ದರೋಡೆಗೆ ಮಾಡಿದ ಕೊಲೆ ಅಂತ ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಜೀವಾವಧಿ ಶಿಕ್ಷೆಯೂ ಆಯಿತು. ಸರಿ, ದರೋಡೆಯೇ ಇರಲಿ. ಹೆಸರು ಗುಟ್ಟಾಗಿಡಿ ಅಂದ ಪತ್ರದಿಂದ ಹೆಸರು ಹೊರಗೆ ಬಂದದ್ದಂತೂ ದರೋಡೆಕೋರರ ಕೆಲಸ ಅಲ್ಲವಲ್ಲ?

ಆಮೇಲೆ 2004ರಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಮಾಡಿತು. ಕೇಂದ್ರ ಸರ್ಕಾರದ ಇಲಾಖೆಗಳ ಭ್ರಷ್ಟಾಚಾರದ ಬಗ್ಗೆ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕೊಡಬಹುದು, ಹೆಸರು ಒಳಗಡೆ ಬರೆಯಬೇಕು, ಆಯೋಗ ಅದನ್ನ ಗುಟ್ಟಾಗಿ ಇಡುತ್ತೆ. 2014ರಲ್ಲಿ ಕಾನೂನೂ ಪಾಸಾಯಿತು, ಅದನ್ನ ಜಾರಿಗೆ ಮಾತ್ರ ತರಲಿಲ್ಲ. ಎರಡರಲ್ಲೂ ಹೆಸರೇ ಇಲ್ಲದ ದೂರಿಗೆ ಜಾಗ ಇಲ್ಲ. ಮೂಗರ್ಜಿ ಬೇಡ, ಗುಟ್ಟಿನ ಅರ್ಜಿ ಕೊಡಿ ಅನ್ನೋದು ಸರ್ಕಾರದ ನಿಲುವು.

ಅದಕ್ಕೆ ಕಾರಣವೂ ಇದೆ, ನಾನು ಅದನ್ನ ತಳ್ಳಿಹಾಕಲ್ಲ. ಹಗೆ ತೀರಿಸಿಕೊಳ್ಳೋಕೆ ಮೂಗರ್ಜಿ ಬರೆಯೋರು ಇದ್ದಾರೆ. ನಮ್ಮ ಚಾನೆಲ್ಲಿಗೇ ಎಷ್ಟು ಬರ್ತವೆ! ಇಂಥ ಹೆಡ್‌ಮಾಸ್ಟರು ಹಾಗೆ, ಇಂಥ ಡಾಕ್ಟರು ಹೀಗೆ ಅಂತ. ವಿಚಾರಿಸಿದರೆ ಜಾಗದ ಜಗಳ ಇರುತ್ತೆ. ಹೆಸರಿಲ್ಲದವನು ಒಬ್ಬ ಮನುಷ್ಯನ ಮೇಲೆ ಕೆಸರು ಎರಚಿದರೆ ಆ ಮನುಷ್ಯ ಯಾರಿಗೆ ಉತ್ತರ ಕೊಡಬೇಕು? ಅದು ಅನ್ಯಾಯ.

ಆದರೆ ಒಂದು ವ್ಯತ್ಯಾಸ ನೋಡಿ. "ಮ್ಯಾನೇಜರ್ ಕಳ್ಳ" ಅನ್ನೋದು ಆರೋಪ. ಅದಕ್ಕೆ ಹೇಳಿದವರು ಯಾರು, ಯಾಕೆ ಹೇಳಿದರು ಅನ್ನೋದು ಬೇಕಾಗುತ್ತೆ. "ಐದು ತಿಂಗಳ ಪಿಎಫ್ ಕಟ್ಟಿದೆಯಾ?" ಅನ್ನೋದು ಪ್ರಶ್ನೆ. ಅದಕ್ಕೆ ಕೇಳಿದವರು ಯಾರು ಅಂತ ಗೊತ್ತಾಗಬೇಕಾಗಿಲ್ಲ. ಚಲನ್ ತೆಗೆದು ನೋಡಿದರೆ ಆಯ್ತು. ಕಟ್ಟಿದೆ, ಇಲ್ಲಾ ಕಟ್ಟಿಲ್ಲ. ಜೋಗಿಮಟ್ಟಿ ಕಡೆ ಗಾಳಿಯಂತ್ರದ ಕಂಬ ಹತ್ತುವ ಹುಡುಗ, "ಈ ಬೆಲ್ಟ್ ಕೊನೇ ಸಲ ಯಾವಾಗ ಚೆಕ್ ಮಾಡಿದ್ದು?" ಅಂತ ಕೇಳಿದರೆ ಅವನ ಹೆಸರು ತಗೊಂಡು ಏನು ಮಾಡ್ತೀರಿ? ಬೆಲ್ಟ್ ನೋಡಿ. ಅದಿರಿನ ಲಾರಿ ಓಡಿಸೋರು ಬ್ರೇಕಿನ ಬಗ್ಗೆ ಕೇಳಿದರೆ ಬ್ರೇಕ್ ನೋಡಿ. ಗಾರ್ಮೆಂಟ್ಸ್‌ನಲ್ಲಿ ಒಬ್ಬಾಕೆ, "ಬಾತ್‌ರೂಮಿಗೆ ಹೋಗೋಕೆ ಟೋಕನ್ ಯಾಕೆ?" ಅಂದರೆ ಟೋಕನ್ ನೋಡಿ ನೀವೇ ನಾಚಿಕೊಳ್ಳಿ. ಪ್ರಶ್ನೆಗೆ ಮೈಯಿಲ್ಲದಿದ್ದರೂ ನಡೆಯುತ್ತೆ.

ಮೊನ್ನೆ ಊರಿಗೆ ಹೋದಾಗ ಪರಿಚಯದ ಒಬ್ಬ ಮಾಲೀಕರ ಹತ್ತಿರ ಇದನ್ನೇ ಹೇಳಿದೆ. ಒಳ್ಳೇ ಮನುಷ್ಯರು ಅವರು. "ಅಲ್ಲಪ್ಪಾ, ನನ್ನ ಬಾಗಿಲು ಯಾವಾಗ್ಲೂ ತೆಗೆದೇ ಇರುತ್ತೆ. ಯಾರ್ ಬೇಕಾದ್ರೂ ಬರಬಹುದು. ಡಬ್ಬಿ ಯಾಕೆ?" ಅಂದರು. ನಾನು ಕೇಳಿದೆ, "ಅಣ್ಣಾ, ಹೋದ ವರ್ಷ ಆ ಬಾಗಿಲಲ್ಲಿ ಎಷ್ಟು ಜನ ಬಂದ್ರು?" ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮುಂಗಡ ಕೇಳೋಕೆ ಬಂದಿದ್ರು" ಅಂದರು. ಬಾಗಿಲು ತೆಗೆದಿದೆ ನಿಜ. ಆದರೆ ಆ ಬಾಗಿಲಿಗೆ ಹೋಗೋ ದಾರಿ ಮ್ಯಾನೇಜರ್ ಟೇಬಲ್ ಮುಂದೆ, ಕ್ಯಾಶಿಯರ್ ಎದುರಿಗೆ, ಗೇಟಿನವರ ಪಕ್ಕದಲ್ಲಿ ಹಾದುಹೋಗುತ್ತಲ್ಲ.

ಡಬ್ಬಿ ಇಟ್ಟ ಮಾತ್ರಕ್ಕೆ ಆಗಲ್ಲ, ಅದೂ ನಿಜ. ನಮ್ಮ ಎಷ್ಟೋ ಸರ್ಕಾರಿ ಕಚೇರಿಗಳಲ್ಲಿ ಸಲಹಾ ಪೆಟ್ಟಿಗೆ ಇದೆ, ಬೀಗಕ್ಕೆ ತುಕ್ಕು ಹಿಡಿದಿದೆ, ಒಳಗೆ ಜೇಡ ಸಂಸಾರ ಮಾಡ್ತಾ ಇದೆ. ಪೆಟ್ಟಿಗೆ ಮ್ಯಾನೇಜರ್ ರೂಮಿನ ಮುಂದೆ, ಸಿಸಿಟಿವಿ ಕೆಳಗೆ ಇದ್ದರೆ ಯಾರು ಹಾಕ್ತಾರೆ? ಕೈ ತೊಳೆಯೋ ಜಾಗದ ಹತ್ತಿರ ಇಡಿ. ಕೈಬರಹದಿಂದ ಗುರುತು ಹಿಡೀತಾರೆ ಅನ್ನೋ ಭಯ ಇದೆ, ಬೀಗದ ಕೈ ಸಂಬಳ ಬಟವಾಡೆ ಮಾಡೋರ ಹತ್ತಿರ ಬೇಡ. ಹೊರಗಿನ ಒಬ್ಬ ಆಡಿಟರೋ ರಿಟೈರ್ಡ್ ಮೇಷ್ಟ್ರೋ ವಾರಕ್ಕೊಮ್ಮೆ ತೆಗೆದು, ಪ್ರಶ್ನೆಗಳನ್ನ ಬೇರೆ ಹಾಳೆಗೆ ಬರೆದು, ಮೂಲ ಚೀಟಿ ಹರಿದುಹಾಕಲಿ. ಉತ್ತರವನ್ನ ನೋಟಿಸ್ ಬೋರ್ಡಿಗೆ ಅಂಟಿಸಿ. ಕೇಳಿದವರ ಹೆಸರು ಗೊತ್ತಿಲ್ಲದಿದ್ದರೆ ಎಲ್ಲರಿಗೂ ಉತ್ತರ ಕೊಡೋದೊಂದೇ ದಾರಿ. "ಆಗಲ್ಲ, ಕಾರಣ ಇದು" ಅಂತ ಬರೆದರೂ ಅದು ಉತ್ತರವೇ.

ನಮ್ಮ ನ್ಯೂಸ್‌ರೂಮಿನಲ್ಲೂ ಇಟ್ಟಿದ್ದೀವಿ, ಶೂ ಬಂದಿದ್ದ ರಟ್ಟಿನ ಡಬ್ಬಿ. ಮೊದಲ ವಾರ ಟೀ ನೀರಾಗಿದೆ, ಎಸಿ ಜಾಸ್ತಿ, ಇಂಥವೇ ನಾಲ್ಕು ಚೀಟಿ. ನಕ್ಕು ಬಿಸಾಕಬಹುದಿತ್ತು. ಅದು ಪರೀಕ್ಷೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಟೀ ಬಗ್ಗೆ ಕೇಳಿದವನ ತಂಟೆಗೆ ಬರ್ತಾರಾ ಇಲ್ಲವಾ ಅಂತ ನೋಡ್ತಾರೆ. ಮೂರನೇ ವಾರ ಒಂದು ಚೀಟಿ ಬಂತು: ರಾತ್ರಿ ಬುಲೆಟಿನ್ ಮುಗಿಸಿ ಹೋಗುವ ಹೆಣ್ಣುಮಕ್ಕಳಿಗೆ ಕ್ಯಾಬ್ ಯಾಕೆ ಗೇಟಿನ ಆಚೆ ರಸ್ತೆಯಲ್ಲಿ ನಿಲ್ಲುತ್ತೆ? ವಿಚಾರಿಸಿದರೆ ಯಾವಾಗಲೋ ಯಾರೋ ಪಾರ್ಕಿಂಗ್ ಜಗಳಕ್ಕೆ ಮಾಡಿದ ನಿಯಮ. ಹತ್ತು ನಿಮಿಷದಲ್ಲಿ ಬದಲಾಯಿತು. ಎರಡು ವರ್ಷ ಅವರು ರಾತ್ರಿ ಹನ್ನೊಂದೂವರೆಗೆ ಕತ್ತಲಲ್ಲಿ ನಡೆದುಕೊಂಡು ಹೋಗ್ತಿದ್ದರು, ನಾನು ಅದೇ ಗೇಟಿನಲ್ಲಿ ಕಾರಲ್ಲಿ ಹೋಗ್ತಿದ್ದೆ.

ದುರ್ಗದವನು ಮಾತಾಡಿ ಒನಕೆ ಓಬವ್ವನ ಹೆಸರು ಹೇಳದೇ ಹೋದರೆ ಊರಿಗೆ ಸೇರಿಸಲ್ಲ. ಕಥೆ ಎಲ್ಲರಿಗೂ ಗೊತ್ತು. ಹೈದರನ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದರು, ಕಾವಲುಗಾರ ಊಟಕ್ಕೆ ಹೋಗಿದ್ದ, ನೀರಿಗೆ ಬಂದ ಹೆಂಡತಿ ಒನಕೆ ಹಿಡಿದು ನಿಂತಳು. ನಾವು ಶಾಲೆಯಲ್ಲಿ ಒನಕೆಯ ಬಗ್ಗೆ ಪ್ರಬಂಧ ಬರೆದೆವು. ಕಿಂಡಿಯ ಬಗ್ಗೆ ಯಾರೂ ಬರೆಯಲಿಲ್ಲ. ಆ ಕಿಂಡಿ ಹೈದರ್ ಕೊರೆದದ್ದಲ್ಲ, ಮೊದಲೇ ಇತ್ತು. ಯಾರೋ ಅದರಲ್ಲಿ ಓಡಾಡೋದನ್ನ ನೋಡಿಯೇ ಅವನ ಕಡೆಯವರಿಗೆ ಗೊತ್ತಾಗಿದ್ದು ಅಂತಾರೆ. ಅಂದರೆ ಓಡಾಡೋರಿಗೆ ಗೊತ್ತಿತ್ತು. ಅಲ್ಲೊಬ್ಬ ಕಾವಲುಗಾರನನ್ನ ಇಟ್ಟಿದ್ದರು, ಅಂದರೆ ಮೇಲಿನವರಿಗೂ ಗೊತ್ತಿತ್ತು. ಮತ್ತೆ ಆ ಕಾವಲುಗಾರನಿಗೆ ಊಟದ ಹೊತ್ತಿಗೆ ಬದಲಿ ಯಾಕಿರಲಿಲ್ಲ? ಓಬವ್ವನ ಮೇಲಿನ ಭಕ್ತಿ ಇಟ್ಟುಕೊಂಡೇ ಹೇಳ್ತೀನಿ, ಅವತ್ತು ಕೋಟೆಯಲ್ಲಿ ಒಂದು ಡಬ್ಬಿ ಇದ್ದು, ಅದರಲ್ಲಿ "ಊಟಕ್ಕೆ ಹೋದಾಗ ಬದಲಿ ಯಾರು?" ಅಂತ ಒಂದು ಚೀಟಿ ಬಿದ್ದಿದ್ದರೆ ಆಕೆ ನೀರು ತಗೊಂಡು ಮನೆಗೆ ಹೋಗ್ತಿದ್ದಳು.

ಈಗ ಪತ್ರ ಬರೆದವರಿಗೆ. ನೀವು ಇದನ್ನ ನೋಡ್ತಾ ಇದ್ದೀರಿ ಅಂತ ಅಂದುಕೊಂಡಿದ್ದೀನಿ. ನಿಮಗೆ ಉತ್ತರ ಕೊಡೋಕೆ ನನಗಿರೋದು ಇದೊಂದೇ ದಾರಿ.

ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ನೇ ತಾರೀಖಿನ ಒಳಗೆ ಕಟ್ಟಬೇಕು. ನಿಮ್ಮ ಸಂಬಳದಿಂದ ಹಿಡಿದು ಕಟ್ಟದೇ ಇದ್ದರೆ ಅದು ಬರೀ ತಡ ಅಲ್ಲ, ಕಾನೂನಿನಲ್ಲಿ ನಂಬಿಕೆದ್ರೋಹದ ಅಪರಾಧ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ, ಸಂಬಳದ ಚೀಟಿಗಳನ್ನ ಜೋಪಾನ ಮಾಡಿ. ಒಬ್ಬರೇ ಆನ್‌ಲೈನ್ ದೂರು ಕೊಟ್ಟರೆ ಅಲ್ಲಿ ನಿಮ್ಮ ನಂಬರ್ ಕೇಳುತ್ತೆ, ಅದು ನೆನಪಿರಲಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಇರೋ ಕಡೆ ಕುಂದುಕೊರತೆ ಸಮಿತಿ ಇರಬೇಕು ಅಂತ ಕಾನೂನಿದೆ. "ನಮ್ಮಲ್ಲಿ ಸಮಿತಿ ಯಾರ್ಯಾರು?" ಅಂತ ಕೇಳೋದು ಯಾರ ಮೇಲಿನ ಆರೋಪವೂ ಅಲ್ಲ. ಕಾರ್ಮಿಕ ಇನ್‌ಸ್ಪೆಕ್ಟರ್‌ಗೆ ಹೇಳಿದರೆ, ದೂರು ಕೊಟ್ಟವರು ಯಾರು ಅನ್ನೋದಿರಲಿ, ದೂರು ಬಂದು ನಾವು ಬಂದಿದ್ದೀವಿ ಅಂತಲೂ ಮಾಲೀಕರಿಗೆ ಹೇಳಬಾರದು. ಹಾಗಂತ ಇರುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1949ರಲ್ಲೇ ಸೇರಿದೆ. ಇನ್‌ಸ್ಪೆಕ್ಟರ್ ಸಾಹೇಬರೂ ಈ ಕಾರ್ಯಕ್ರಮ ನೋಡ್ತಿದ್ದರೆ ದಯವಿಟ್ಟು ಇನ್ನೊಂದು ಸಲ ಓದಿಕೊಳ್ಳಿ.

ಮಾಲೀಕರೇ, ನಾಲ್ಕೂ ಊರಿನ ಮಾಲೀಕರೇ, ನಿಮ್ಮಲ್ಲಿ ಒಬ್ಬರ ಬಗ್ಗೆ ಇದು. ಯಾರು ಅಂತ ನೀವು ನಾಳೆ ಹುಡುಕೋದಕ್ಕೆ ಹೋಗಬೇಡಿ. ನಿಮ್ಮ ನಿಮ್ಮ ಚಲನ್ ತೆಗೆದು ನೋಡಿಕೊಳ್ಳಿ. ಎಲ್ಲ ಸರಿ ಇದ್ದರೆ ಅದರ ಒಂದು ಪ್ರತಿಯನ್ನ ಬೋರ್ಡಿಗೆ ಅಂಟಿಸಿ, ಖರ್ಚು ಒಂದು ಜೆರಾಕ್ಸು.

ಇನ್ನೊಂದು ವಿಷಯ, ಪತ್ರ ಬರೆದವರೇ. ನೀವು ಎಡಗೈಯಲ್ಲಿ ಬರೆದಿರಿ, ಸಹಿ ಹಾಕಲಿಲ್ಲ, ಊರು ಬರೆಯಲಿಲ್ಲ. ಆದರೆ ಕವರಿನ ಮೇಲೆ ಅಂಚೆ ಕಚೇರಿಯ ಮುದ್ರೆ ಬಿದ್ದಿತ್ತು, ಸ್ಪಷ್ಟವಾಗಿ, ಊರಿನ ಹೆಸರಿನ ಸಮೇತ. ಅದು ನಿಮಗೆ ಹೊಳೆದಿರಲಿಲ್ಲ ಅನ್ನಿಸುತ್ತೆ. ಈ ಕಾರ್ಯಕ್ರಮಕ್ಕೆ ಬರೋ ಮುಂಚೆ ಆ ಕವರನ್ನ ನಾನೇ ಕತ್ತರಿಸಿ ಹಾಕಿ ಬಂದೆ.